ಪ್ರಶ್ನೋತ್ತರ: ಅಕೂಸ್ಟಿಕ್ ಗಿಟಾರಿಗೆ ಎಲೆಕ್ಟ್ರಿಕ್ ಫ್ಲಾಟ್‌ವೌಂಡ್ ತಂತಿ ಹಾಕಬಹುದಾ?

ಅಡ್ಮಿನ್: ಈ ಭಾನುವಾರ ಉತ್ತರ ಕೊಡುವವರು ಕುಂಬಳೆಯ ಗಿಟಾರ್ ರಿಪೇರಿಯವರು. ಹೆಸರು ಬೇಡ, ಊರು ಹಾಕಿದರೆ ಸಾಕು. ಒಬ್ಬರಿಗೆ ಒಂದೇ ಪ್ರಶ್ನೆ.

ಉಪ್ಪಳ: ನನ್ನದು ಸಾದಾ ಡ್ರೆಡ್‌ನಾಟ್, ಸ್ಟೀಲ್ ತಂತಿಯ ದೊಡ್ಡ ಅಕೂಸ್ಟಿಕ್ ಗಿಟಾರ್. ಬೆರಳು ಜಾರಿಸಿದಾಗೆಲ್ಲ ತಂತಿ ಕೀಂಯ್ ಅನ್ನುತ್ತದೆ. ಎಲೆಕ್ಟ್ರಿಕ್ ಗಿಟಾರಿನ ಫ್ಲಾಟ್‌ವೌಂಡ್ ಹಾಕಿದರೆ ಅದು ನಿಲ್ಲುತ್ತದಂತೆ. ಹಾಕಬಹುದಾ? 11ರ ಸೆಟ್ಟಾ, ಇನ್ನೂ ಸ್ವಲ್ಪ ದಪ್ಪದ 12ರದ್ದಾ?

ರಿಪೇರಿ: ಹಾಕಬಹುದು. ಮಾಮೂಲಿ ತಂತಿಗೆ ದುಂಡು ಸರಿಗೆ ಸುತ್ತಿರುತ್ತದೆ. ಆ ಏಣುಗಳಿಗೆ ಬೆರಳು ಉಜ್ಜಿಯೇ ನಿಮ್ಮ ಕೀಂಯ್. ಫ್ಲಾಟ್‌ವೌಂಡಿಗೆ ಸುತ್ತುವುದು ಚಪ್ಪಟೆ ಪಟ್ಟಿ, ಹಾಗಾಗಿ ನುಣುಪು. ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ, ಅಂದರೆ ಫ್ರೆಟ್, ಸವೆಯುವುದೂ ಕಡಿಮೆ. ಆದರೆ ಗಿಟಾರಿನ ಬಾಯಿಗೆ ಬೈರಾಸು ಒತ್ತಿದ ಹಾಗೆ ಆಗುತ್ತದೆ. ದಪ್ಪದ ನಾಲ್ಕು ತಂತಿ ಗೊಣಗುತ್ತವೆ, ಸಣ್ಣ ಎರಡಕ್ಕೆ ಸುತ್ತೇ ಇಲ್ಲವಲ್ಲ, ಅವು ಮೊದಲಿನ ಹಾಗೇ ಕಿರುಚುತ್ತವೆ. 12ರದ್ದು ತಗೊಳ್ಳಿ. ಪ್ಯಾಕೆಟ್ ಹಿಂದೆ ನೋಡಿ, 3ನೇ ತಂತಿ ಸುತ್ತಿದ್ದೇ ಆಗಿರಬೇಕು. ನಿಮ್ಮ ಸ್ಯಾಡಲ್ (ತಂತಿ ಕೂರುವ ಸಣ್ಣ ಪಟ್ಟಿ) ಕೊರೆದಿರುವುದು ಸುತ್ತಿದ 3ನೇ ತಂತಿಗೆ. ಬರೀ ತಂತಿ ಹಾಕಿದರೆ ಮೇಲಿನ ಫ್ರೆಟ್‌ಗಳಲ್ಲಿ ಸ್ವರ ಏರಿ ಕೂರುತ್ತದೆ. ಇನ್ನೊಂದು, ತುದಿ ಕತ್ತರಿಸುವ ಮೊದಲು ತಂತಿಯನ್ನು ಒಮ್ಮೆ ಮಡಚಿ. ಇಲ್ಲದಿದ್ದರೆ ಸುತ್ತು ಬಿಚ್ಚಿಕೊಳ್ಳುತ್ತದೆ.

ಮಂಜೇಶ್ವರ: ನಮ್ಮ ಇಗರ್ಜಿ ಕಾಯರ್‌ನಲ್ಲಿ ಗಿಟಾರಿನ ಬಾಯಿಗೆ ಸಿಕ್ಕಿಸುವ ಮ್ಯಾಗ್ನೆಟಿಕ್ ಪಿಕಪ್ ಉಂಟು, ತಂತಿಯ ನಾದ ಸ್ಪೀಕರಿಗೆ ಕಳಿಸುವಂಥದ್ದು. ಸ್ಪೀಕರಿನಲ್ಲಿ ಸಣ್ಣ ತಂತಿಗಳದ್ದೇ ಅಬ್ಬರ. ಫ್ಲಾಟ್ ಹಾಕಿದರೆ ಸರಿಯಾಗುತ್ತದಾ?

ರಿಪೇರಿ: ಆಗುತ್ತದೆ. ಇದು ಒಳ್ಳೆ ಪ್ರಶ್ನೆ. ಅಕೂಸ್ಟಿಕ್ ತಂತಿಯ ಸುತ್ತು ಕಂಚು. ಕಂಚು ಮ್ಯಾಗ್ನೆಟ್ಟಿಗೆ ಲೆಕ್ಕಕ್ಕಿಲ್ಲ, ಒಳಗಿನ ಸ್ಟೀಲ್ ಎಳೆ ಮಾತ್ರ ಕೇಳಿಸುತ್ತದೆ. ಎಲೆಕ್ಟ್ರಿಕ್ ಫ್ಲಾಟ್‌ವೌಂಡಿನ ಸುತ್ತು ಸ್ಟೀಲೋ ನಿಕಲ್ಲೋ ಆಗಿರುತ್ತದೆ, ಪಿಕಪ್ ಹಿಡಿಯುತ್ತದೆ. ಸ್ಯಾಡಲ್ ಅಡಿಯ ಪೀಜೋ ಪಿಕಪ್ (ಮ್ಯಾಗ್ನೆಟ್ ಇಲ್ಲದ್ದು, ಒತ್ತಡ ಹಿಡಿಯುವಂಥದ್ದು) ಆದರೆ ಈ ಲಾಭ ಇಲ್ಲ.

ಬೇಳ: ಕಾಯರ್‌ಗೆ ಫ್ಲಾಟ್ ಬೇಡ್ವೇ ಬೇಡ ಮಾರಾಯ್ರೆ. ಅದು ಜಾಝ್‌ನವರ ಕಂಬಿ. ಹಾಡಿನ ಹಿಂದೆ ಸತ್ತ ಹಾಗೆ ಕೇಳುತ್ತದೆ.

ಮಂಜೇಶ್ವರ: ನಾನು ಕೇಳಿದ್ದು ರಿಪೇರಿಯವರನ್ನು. ಮತ್ತೆ ಅದು ಕಂಬಿ ಅಲ್ಲ, ತಂತಿ. ಕಂಬಿ ಜೈಲಿಗೆ.

ಬೇಳ: ಪೇಟೆಯ ಅಂಗಡಿಯಲ್ಲಿ ತಂತಿ ಅಂತ ಕೇಳಿ ನೋಡಿ, ಬೇಲಿಗೆ ಹಾಕುವುದು ಕೊಡುತ್ತಾನೆ.

ಪೆರ್ಲ: ಫಾರ್ವರ್ಡ್ ಬಂದದ್ದು: ಹಳೇ ತಂತಿಯನ್ನು ವಿನೆಗರ್ ನೀರಿನಲ್ಲಿ ಕುದಿಸಿ, ಒಣಗಿಸಿ, ತೆಂಗಿನೆಣ್ಣೆ ಸವರಿದರೆ ಹೊಸದರಂತೆ ಆಗಿ 5 ವರ್ಷ ಬರುತ್ತದೆ. ಎಲ್ಲರಿಗೂ ಉಪಯೋಗ ಆಗಲಿ.

ರಿಪೇರಿ: ಯಾರಿಗೂ ಆಗುವುದಿಲ್ಲ. ಬರೀ ನೀರಿನಲ್ಲಿ ಕುದಿಸಿದರೆ ಸುತ್ತಿನ ಸಂದಿಯ ಕೊಳೆ ಹೋಗಿ ನಾಲ್ಕು ದಿನ ಮಿಂಚುತ್ತದೆ, ಅಷ್ಟೇ. ಫ್ಲಾಟ್‌ವೌಂಡಿನಲ್ಲಿ ಸಂದಿಯೇ ಇಲ್ಲದಂತೆ ಇರುತ್ತದೆ, ಅದನ್ನು ಕುದಿಸಿ ಎಂತ ಮಾಡುವುದು? ಎಣ್ಣೆ ಹಚ್ಚಿದರೆ ಧೂಳು ಕೂತು ಮಣ್ಣಾಗುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ. ತೆಂಗಿನೆಣ್ಣೆ ತಲೆಗೆ.

ನೀರ್ಚಾಲು: ಸರ್, ಎಡಗೈಯವರಿಗೆ ಉಕುಲೆಲೆ ಎಲ್ಲಿ ಸಿಗುತ್ತದೆ?

ಬದಿಯಡ್ಕ: 11 ಒಳ್ಳೇದಾ 12 ಒಳ್ಳೇದಾ?

ರಿಪೇರಿ: ಮೇಲೆ ಹೇಳಿದ್ದೇನೆ.

ಮುಳ್ಳೇರಿಯ: ಮಗಳ ಗಿಟಾರಿಗೆ ನೈಲಾನ್ ತಂತಿ ಸಿಗಲಿಲ್ಲ. ಹೋದ ವಾರ ಎಲೆಕ್ಟ್ರಿಕ್ ಫ್ಲಾಟ್‌ವೌಂಡ್ 12ರ ಸೆಟ್ ಹಾಕಿದೆ. ಶ್ರುತಿ ನಿಲ್ಲುವುದಿಲ್ಲ. ಬ್ರಿಡ್ಜಿನ (ಹಲಗೆ ಮೇಲೆ ತಂತಿ ಕಟ್ಟುವ ಮರದ ತುಂಡು) ಹಿಂದೆ ಸಣ್ಣ ಗೆರೆ ಕಾಣುತ್ತದೆ. ಮಳೆಗಾಲದ ಥಂಡಿಗೆ ಇರಬಹುದಾ? ಫೋಟೋ ಹಾಕಿದ್ದೇನೆ.

ರಿಪೇರಿ: ಇದನ್ನು ಓದಿದ ಕೂಡಲೇ ಎದ್ದು ಹೋಗಿ ತಂತಿ ಸಡಿಲ ಮಾಡಿ. ಆಮೇಲೆ ಉಳಿದದ್ದು ಓದಿ.

ಫೋಟೋದಲ್ಲಿ ಗಿಟಾರಿನ ತಲೆಯಲ್ಲಿ ಉದ್ದ ಕಿಂಡಿ ಉಂಟು, ಬಿರಡೆಗೆ ಬಿಳಿ ಉರುಳೆ ಉಂಟು, ಬ್ರಿಡ್ಜಿನಲ್ಲಿ ಪಿನ್ ಇಲ್ಲ, ತಂತಿ ಕಟ್ಟುವ ತೂತು ಮಾತ್ರ. ಅದು ಕ್ಲಾಸಿಕಲ್ ಗಿಟಾರ್. ನೈಲಾನ್ ಸೆಟ್ ಒಟ್ಟು ಎಳೆಯುವುದು ಸುಮಾರು 40 ಕಿಲೋ. 12ರ ಸ್ಟೀಲ್ ಸೆಟ್ ಹೆಚ್ಚುಕಮ್ಮಿ 70 ಕಿಲೋ ಎಳೆಯುತ್ತದೆ. ತೆಳು ಹಲಗೆ, ಒಳಗೆ ಕಡ್ಡಿಯಂಥ ಪಟ್ಟಿಗಳು. ಕುತ್ತಿಗೆಯೊಳಗೆ ಕಬ್ಬಿಣದ ಸರಳು ಹೆಚ್ಚಾಗಿ ಇರುವುದಿಲ್ಲ. ಬ್ರಿಡ್ಜ್ ನಿಂತಿರುವುದು ಬರೀ ಅಂಟಿನಲ್ಲಿ. ಶ್ರುತಿ ನಿಲ್ಲದ್ದು ಯಾಕೆಂದರೆ ಗಿಟಾರೇ ಮಡಚಿಕೊಳ್ಳುತ್ತಾ ಉಂಟು. ಮಳೆ ಸೇರಿಕೊಂಡಿದೆ, ಆದರೆ ಮೊದಲ ಕಳ್ಳ ತಂತಿ.

ಆರು ತಂತಿಯನ್ನೂ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬನ್ನಿ, ಒಂದನ್ನೇ ಪೂರ್ತಿ ಬಿಚ್ಚಬೇಡಿ. ಆ ಗೆರೆಗೆ ಒಂದು ತೆಳು ಕಾಗದ ತೂರಿಸಿ, ಎಷ್ಟು ಒಳಗೆ ಹೋಗುತ್ತದೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ. ಅಂಟು ಮುಟ್ಟಲೇಬೇಡಿ. ಅಡುಗೆಮನೆಯ ಅಟ್ಟದಲ್ಲೂ ಇಡಬೇಡಿ.

ಪೆರ್ಲ: ಅದಕ್ಕೊಂದು ಸುಲಭ ಉಪಾಯ ಉಂಟು. ಸೂಪರ್ ಗ್ಲೂ ಬಿಟ್ಟು ಮೇಲೆ ಅಡಿಗೆ ಸೋಡಾ ಉದುರಿಸಿದರೆ ಕಲ್ಲಿನ ಹಾಗೆ ಹಿಡಿಯುತ್ತದೆ. ವಿಡಿಯೋ ಕಳಿಸಲಾ?

ರಿಪೇರಿ: ಕಳಿಸಬೇಡಿ. ಕಲ್ಲಾಗುವುದೇ ತೊಂದರೆ. ನಾನು ಬ್ರಿಡ್ಜ್ ಬಿಚ್ಚುವುದು ಬಿಸಿ ಮಾಡಿದ ತೆಳು ಅಲಗಿನಲ್ಲಿ, ಮೂಲೆಯಿಂದ ಕೂದಲೆಳೆಯಷ್ಟೇ ಒಳಗೆ ಹೋಗುತ್ತಾ. ಮರಗೆಲಸದ ಅಂಟಾದರೆ ಬಿಸಿಗೆ ಬೆಣ್ಣೆಯ ಹಾಗೆ ಬಿಡುತ್ತದೆ. ಹೋದ ಜುಲೈಯಲ್ಲಿ ಸೂಪರ್ ಗ್ಲೂ ಹಾಕಿದ್ದೊಂದು ಬಂದಿತ್ತು. ಅಲಗು ಹೋದಲ್ಲೆಲ್ಲ ಹಲಗೆಯ ನಾರು ಮೀನಿನ ಮುಳ್ಳಿನ ಹಾಗೆ ಎದ್ದು ಬಂತು. ಬ್ರಿಡ್ಜ್ ಅಂಟಿಸುವ ಕೆಲಸ ಒಂದು ದಿನದ್ದು. ಆ ನಾರು ಕೂರಿಸಿ ಹಲಗೆ ಸಮ ಮಾಡಲಿಕ್ಕೇ ನನಗೆ ಎರಡು ವಾರ ಬೇಕಾಯಿತು. ವಿಡಿಯೋದವನು ಎರಡು ನಿಮಿಷದಲ್ಲಿ ಮುಗಿಸಿರುತ್ತಾನೆ.

ಪೆರ್ಲ: ಒಳ್ಳೇದಕ್ಕೆ ಹೇಳಿದ್ದು. ಇಷ್ಟು ಸಿಟ್ಟು ಯಾಕೆ?

ಬೇಳ: ಅವರಿಗೆ ಕೆಲಸ ತಪ್ಪುತ್ತದಲ್ಲ, ಅದಕ್ಕೆ.

ಮಂಜೇಶ್ವರ: ನೀವು ಸುಮ್ನಿರಿ. ಫ್ಲಾಟ್ ಜಾಝಿಗೆ ಮಾತ್ರ ಅಂದವರಲ್ವಾ? ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಹಾಕಿದ್ದು ಫ್ಲಾಟ್‌ವೌಂಡೇ. ತುಂಡಾಗುವ ತನಕ ಬದಲಿಸುತ್ತಿರಲಿಲ್ಲ.

ಬೇಳ: ಅದು ಎಲೆಕ್ಟ್ರಿಕ್ ಬೇಸ್. ಇಲ್ಲಿ ನಾವು ಮಾತಾಡುವುದು ಎಂತದರ ಬಗ್ಗೆ? ಸ್ವಲ್ಪ ಓದಿ ಬನ್ನಿ.

ಮಂಜೇಶ್ವರ: ಪಿಟೀಲಿನ ತಂತಿಗೂ ಚಪ್ಪಟೆ ಸುತ್ತೇ ಇರುವುದು. ಅದೂ ಸತ್ತ ಹಾಗೆ ಕೇಳುತ್ತದಾ? ನಿಮ್ಮ ಕಾಯರ್ ಕೇಳಿದ್ದೇನೆ, ಯಾವ ಕಂಬಿ ಹಾಕಿದರೂ ಒಂದೇ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಬೇಳ: ಕಂಬಿ ಅಂದಿರಲ್ಲ ಈಗ.

ನೀರ್ಚಾಲು: ಎಡಗೈ ಉಕುಲೆಲೆ?

ಕುಂಬಳೆ: ಫ್ಲಾಟ್ ಸೆಟ್ಟಿಗೆ ಎಷ್ಟಾಗುತ್ತದೆ? ಎಷ್ಟು ಕಾಲ ಬರುತ್ತದೆ?

ರಿಪೇರಿ: ಕಂಚಿನದ್ದಕ್ಕಿಂತ ಜಾಸ್ತಿ ಕೊಡಬೇಕು, ಜಾಸ್ತಿ ದಿನವೂ ಬರುತ್ತದೆ. ವಿಯೆನ್ನಾದ ಥೋಮಾಸ್ಟಿಕ್ ಕಂಪನಿಯದ್ದು ಇನ್ನೂ ದುಬಾರಿ.

ಬದಿಯಡ್ಕ: ಮೇಲೆ ಅಂದರೆ ಎಲ್ಲಿ ಸರ್? 11ಆ 12ಆ?

ರಿಪೇರಿ: 12. ಉಪ್ಪಳದವರಿಗೆ ಹೇಳಿದ್ದನ್ನು ಓದಿ. ಇನ್ನು ಇದಕ್ಕೆ ಉತ್ತರ ಇಲ್ಲ. ಮುಳ್ಳೇರಿಯದವರು ಎಲ್ಲಿ?

ಮುಳ್ಳೇರಿಯ: ಇಲ್ಲೇ ಇದ್ದೇನೆ. ಸಡಿಲ ಮಾಡಿದೆ. ಇಳಿಸುವಾಗ ಟಿಕ್ ಅಂತ ಒಂದು ಸದ್ದು ಬಂತು. ಗೆರೆ ಸಣ್ಣದಾಯಿತು. ಎಡಬದಿಯಲ್ಲಿ ಕಾಗದ ಒಂದು ಬೆರಳು ಹೋಗುತ್ತದೆ, ಬಲಬದಿಯಲ್ಲಿ ಹೋಗುವುದೇ ಇಲ್ಲ.

ರಿಪೇರಿ: ಗೆರೆ ಸಣ್ಣದಾದದ್ದು ಒಳ್ಳೇದು, ಹಲಗೆ ವಾಪಸ್ ಕೂರುತ್ತಾ ಉಂಟು. ಬಲಬದಿ ಹಿಡಿದುಕೊಂಡಿದೆ ಅಂದರೆ ಪೂರ್ತಿ ಎದ್ದಿಲ್ಲ. ಶನಿವಾರ ತನ್ನಿ. ಮಳೆಯಲ್ಲಿ ಬೈಕಿನಲ್ಲಿ ಬೇಡ, ಬಸ್ಸಿನಲ್ಲಿ ಬನ್ನಿ.

ಮುಳ್ಳೇರಿಯ: ಸರ್, ಒಂದು ವಿಷಯ ಹೇಳಲಿಲ್ಲ. ಬಲಬದಿಗೆ ಬೆಳಿಗ್ಗೆಯೇ ಎರಡು ಹನಿ ಸೂಪರ್ ಗ್ಲೂ ಬಿಟ್ಟಿದ್ದೆ. ಸೋಡಾ ಹಾಕಿಲ್ಲ.

ರಿಪೇರಿ: ಹತ್ತಿರದಿಂದ ಫೋಟೋ ತೆಗೆದು ನನಗೆ ಒಬ್ಬನಿಗೇ ಕಳಿಸಿ. ಇಲ್ಲಿ ಹಾಕಬೇಡಿ.