ಪದ ಬೇಕು: ವಿದ್ಯಾರ್ಥಿಯೇ ರೂಪಿಸಿಕೊಳ್ಳುವ ಡಿಗ್ರಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ವಿಶ್ವವಿದ್ಯಾಲಯದ ಕೈಪಿಡಿ ಅನುವಾದಿಸುತ್ತಿದ್ದೇನೆ. ‘ಇಂಡಿವಿಜುವಲೈಸ್ಡ್ ಇಂಟರ್‌ಡಿಸಿಪ್ಲಿನರಿ ಬ್ಯಾಚುಲರ್ಸ್ ಡಿಗ್ರಿ’ ಎಂಬ ತಲೆಬರಹಕ್ಕೆ ‘ವೈಯಕ್ತಿಕ ಅಂತರಶಿಸ್ತೀಯ ಸ್ನಾತಕ ಪದವಿ’ ಎಂದು ಬರೆದೆ. ಇಲ್ಲಿ ‘ಶಿಸ್ತು’ ಎಂದರೆ ಡಿಸಿಪ್ಲಿನ್, ಅಂದರೆ ಓದಿನ ಒಂದು ಶಾಖೆ. ಓದಿದರೆ ಏನೂ ಹೊಳೆಯುತ್ತಿಲ್ಲ. ಸಿದ್ಧ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಯಾವುದೂ ಹೊಂದದಿದ್ದಾಗ ವಿದ್ಯಾರ್ಥಿ ಹಲವು ವಿಭಾಗಗಳ ಕೋರ್ಸ್ ಆಯ್ದು ತನ್ನದೇ ಪಠ್ಯಕ್ರಮ ಮಾಡಿಕೊಳ್ಳುವ ಡಿಗ್ರಿ ಇದು. ನಾಳೆ ಸಂಜೆ ಅಚ್ಚಿಗೆ ಹೋಗಬೇಕು.

———

> ಅಂತರಶಿಸ್ತೀಯ

ತಪ್ಪು. ‘ಅಂತರ್’ ಮುಂದೆ ಶಕಾರ ಬಂದರೆ ‘ಅಂತಃ’ ಆಗಬೇಕು. ಅದಿರಲಿ, ‘ಶಿಸ್ತು’ ಸಂಸ್ಕೃತವೇ ಅಲ್ಲ. ಕೆಳದಿಯ ಶಿವಪ್ಪನಾಯಕನ ಶಿಸ್ತು ಎಂದರೆ ಭೂಕಂದಾಯದ ವ್ಯವಸ್ಥೆ. ಆ ಪದಕ್ಕೆ ಹಿಂದೆ ‘ಅಂತರ’, ಮುಂದೆ ‘ಈಯ’ ಅಂಟಿಸಿದರೆ ಅರಿಸಮಾಸ, ಅಂದರೆ ಸಂಸ್ಕೃತಕ್ಕೆ ಸಂಸ್ಕೃತವಲ್ಲದ ಪದದ ಒಪ್ಪದ ಜೋಡಣೆ. ‘ಅಂತರ್ವಿಷಯಕ’ ಎನ್ನಿ.

———

‘ಸ್ನಾತಕ’ ಬಿಡಿ. ವೇದ ಓದಿ ಮುಗಿಸಿ ಸ್ನಾನ ಮಾಡಿದವನು ಸ್ನಾತಕ. ಈಗಿನ ಹುಡುಗರು ಓದುವುದು ಡಿಗ್ರಿ. ಹಾಗೇ ಬರೆಯಿರಿ. ಇಡೀ ಹೆಸರಿಗೆ ‘ಐಚ್ಛಿಕ ಡಿಗ್ರಿ’ ಸಾಕು.

———

‘ಐಚ್ಛಿಕ’ ಬೇಡ. ಐಚ್ಛಿಕ ಕನ್ನಡ, ಐಚ್ಛಿಕ ಇತಿಹಾಸ ಎಂದರೆ ಕಾಲೇಜು ಕೊಟ್ಟ ಪಟ್ಟಿಯಿಂದ ಆರಿಸಿಕೊಂಡದ್ದು. ಇಲ್ಲಿ ಆ ಪಟ್ಟಿಯೇ ಇಲ್ಲ.

ಎಲ್ಲರೂ ಶಿಸ್ತಿನ ಹಿಂದೆ ಬಿದ್ದಿದ್ದೀರಿ. ಕೆಟ್ಟಿರುವುದು ಮೊದಲ ಪದ. ‘ವೈಯಕ್ತಿಕ’ ಎಂದರೆ ಖಾಸಗಿ: ವೈಯಕ್ತಿಕ ಸಾಲ, ವೈಯಕ್ತಿಕ ಕಾರಣ. ಈ ಡಿಗ್ರಿಯಲ್ಲಿ ಖಾಸಗಿ ಏನೂ ಇಲ್ಲ. ಅಮೆರಿಕದ ಹ್ಯಾಂಪ್‌ಶೈರ್ ಕಾಲೇಜು 1970ರಲ್ಲಿ ಶುರುವಾದಾಗ ಸಿದ್ಧ ಮೇಜರ್‌ಗಳನ್ನೇ ಇಟ್ಟುಕೊಳ್ಳಲಿಲ್ಲ. ಅಲ್ಲೂ ಅಧ್ಯಾಪಕರ ಜೊತೆ ಕೂತೇ ಓದನ್ನು ಗೊತ್ತುಮಾಡಿಕೊಳ್ಳಬೇಕಿತ್ತು. ಸಾಮಾನ್ಯವಾಗಿ ಅರ್ಜಿಯಲ್ಲಿ ಕೋರ್ಸ್‌ಗಳ ಪಟ್ಟಿ ಇರಬೇಕು, ಮಾರ್ಗದರ್ಶಕರ ಸಹಿ ಬೇಕು, ಸಮಿತಿ ಒಪ್ಪಬೇಕು. ‘ಈಗಿರುವ ಮೇಜರ್‌ನಲ್ಲಿ ಇದು ಯಾಕೆ ಆಗುವುದಿಲ್ಲ?’ ಎಂಬ ಪ್ರಶ್ನೆಗೆ ಎಷ್ಟೋ ಅರ್ಜಿಗಳು ಬಿದ್ದುಹೋಗುತ್ತವೆ. ‘ನನಗೆ ಎಲ್ಲದರಲ್ಲೂ ಆಸಕ್ತಿ’ ಎಂದರೆ ನಡೆಯುವುದಿಲ್ಲ.

ಒಬ್ಬಳು ಕಡಲ್ಕೊರೆತ ಓದಬೇಕು ಎನ್ನುತ್ತಾಳೆ ಅಂದುಕೊಳ್ಳಿ. ಭೂವಿಜ್ಞಾನ, ಕಾನೂನು, ಅರ್ಥಶಾಸ್ತ್ರ ಮೂರನ್ನೂ ಸುಮ್ನೆ ಪಕ್ಕಪಕ್ಕ ಓದಿದರೆ ಅದು ಬಹುಶಿಸ್ತೀಯ. ಇಲ್ಲಿ ತಡೆಗೋಡೆ ಕಟ್ಟಿದರೆ ಮರಳು ಸಿಗದೆ ಆಚೆಯ ದಂಡೆ ಕೊರೆಯುತ್ತದೆ. ಆ ನಷ್ಟ ಎಷ್ಟು, ಯಾರು ತುಂಬಿಕೊಡಬೇಕು? ಈ ಒಂದೇ ಪ್ರಶ್ನೆಗೆ ಮೂರೂ ಬೇಕಾದಾಗ ಅಂತರ್‌ಶಿಸ್ತೀಯ. ಪ್ರಶ್ನೆ ಅವಳದು, ಜೋಡಣೆಯೂ ಅವಳದು. ಹೆಸರಿನಲ್ಲಿ ಅದೇ ಕಾಣಬೇಕು ಅಲ್ವಾ?

ಇನ್ನು ‘ಅಂತಃಶಿಸ್ತು’ ಎಂದರೆ ಓದುವವರು ಮನಸ್ಸಿನ ಹಿಡಿತ ಅಂದುಕೊಳ್ಳುತ್ತಾರೆ. ‘ಜ್ಞಾನಶಿಸ್ತು’ ನಮ್ಮ ಬರವಣಿಗೆಯಲ್ಲಿ ಎಂದೋ ನೆಲೆ ನಿಂತಿದೆ. ‘ಅಂತರ್‌ಶಿಸ್ತೀಯ’ ಇರಲಿ. ನನ್ನ ಸಲಹೆ: ‘ಸ್ವಯಂರೂಪಿತ ಅಂತರ್‌ಶಿಸ್ತೀಯ ಪದವಿ’.

———

ಬಳಕೆಯಲ್ಲಿದೆ ಎಂದ ಮಾತ್ರಕ್ಕೆ ಸರಿಯಾಗುವುದಿಲ್ಲ ಸಾರ್. ಹೀಗೇ ಬಿಟ್ಟು ಬಿಟ್ಟು ‘ಅಂತಾರಾಷ್ಟ್ರೀಯ’ ಹೋಗಿ ‘ಅಂತರರಾಷ್ಟ್ರೀಯ’ ಬಂತು.

———

ಬಂದರೆ ಏನಾಯಿತು? ಎರಡೂ ಎರವಲೇ. ಕಾಗದ, ಕಚೇರಿ, ವಕೀಲ ಎಲ್ಲ ಹೊರಗಿನಿಂದ ಬಂದವೇ. ಪ್ರತ್ಯಯ ಹಚ್ಚುವಾಗ ಅವುಗಳ ಮೂಲ ಯಾರೂ ಕೇಳುವುದಿಲ್ಲ. ‘ಸ್ವಯಂರೂಪಿತ’ ಮಾತ್ರ ನನಗೆ ಭಾರ. ‘ತಾನೇ ರೂಪಿಸಿದ’ ಎನ್ನಲು ಏನು ಅಡ್ಡಿ?

———

‘ತಾನೇ ರೂಪಿಸಿದ’ ಎಂದರೆ ರೂಪಿಸಿದ್ದು ವಿಶ್ವವಿದ್ಯಾಲಯವೋ ವಿದ್ಯಾರ್ಥಿಯೋ ಗೊತ್ತಾಗುವುದಿಲ್ಲ. ತಲೆಬರಹಕ್ಕೆ ‘ಸ್ವಯಂರೂಪಿತ ಅಂತರ್‌ಶಿಸ್ತೀಯ ಪದವಿ’, ಅದರ ಕೆಳಗೆ ‘ವಿದ್ಯಾರ್ಥಿಯೇ ರೂಪಿಸಿಕೊಳ್ಳುವ ಡಿಗ್ರಿ’ ಎಂದು ಹಾಕುತ್ತಿದ್ದೇನೆ. ‘ಸ್ನಾತಕ’ ತೆಗೆದೆ. ಒಳಪುಟದಲ್ಲಿ ‘ಕ್ರೆಡಿಟ್’ ಇದೆ, ಅದನ್ನು ಹಾಗೇ ಬಿಡುತ್ತೇನೆ.