ಕಾಲು, ನರ, ಗೆಡ್ಡೆ: ಎಕ್ಸ್‌ರೇ ಚೀಟಿಗೆ ಯಾವ ಕನ್ನಡ?

ಎಲ್ಲರಿಗೂ ನಮಸ್ಕಾರ. ತುಮಕೂರು ಜಿಲ್ಲೆಯ ಆಸ್ಪತ್ರೆಗಳಲ್ಲಿ ಹಂಚಲು ಪಾದದ ನೋವು, ಗಂಟುಗಳ ಪರೀಕ್ಷೆ ಬಗ್ಗೆ ಒಂದು ಕರಪತ್ರ ಸಿದ್ಧವಾಗುತ್ತಿದೆ. ಮೂರು ಪದಗಳು ತೊಡಕಾಗಿವೆ. ‘ಕಾಲು’ ಅಂದರೆ ತೊಡೆಯಿಂದ ಬೆರಳಿನ ತುದಿವರೆಗೂ ಆಗುತ್ತೆ. ‘ನರ’ ಅಂದರೆ ಯಾವುದು ಅಂತ ಹೇಳೋಕಾಗಲ್ಲ. ‘ಗೆಡ್ಡೆ’ ಅಂತ ಬರೆದರೆ ಓದಿದವರು ಕ್ಯಾನ್ಸರ್ ಅಂತಲೇ ಹೆದರುತ್ತಾರೆ. ಬದಲಿ ಪದಗಳನ್ನು ತಿಳಿಸಿ.

ಉತ್ತರ:

ನಮಸ್ಕಾರ ಮೇಡಂ. ‘ಕಾಲು’ ಅನ್ನೋದನ್ನು ಮೊದಲು ಬಿಡಿ. ಚೀಟಿಯಲ್ಲಿ ‘ಬಲಗಾಲು ನೋವು’ ಅಂತಷ್ಟೇ ಇದ್ದರೆ ಮೊಣಕಾಲಿನಿಂದ ಹರಡಿನವರೆಗೆ, ಅಂದರೆ ಪಾದದ ಕೀಲಿನವರೆಗೆ, ಎಕ್ಸ್‌ರೇ ತೆಗೆದುಬಿಡಬಹುದು. ನೋಯುತ್ತಿರುವ ಬೆರಳಿನ ಬುಡ ಆ ಫಿಲಂನಲ್ಲಿ ಬರುವುದೇ ಇಲ್ಲ. ನಮ್ಮಲ್ಲಿ ಬಿಡಿಬಿಡಿ ಹೆಸರುಗಳು ಬೇಕಾದಷ್ಟಿವೆ: ಹಿಮ್ಮಡಿ, ಅಂಗಾಲು, ಹರಡು, ಬೆರಳಸಂದು, ಹೆಬ್ಬೆರಳಿನ ಗಿಣ್ಣು, ಪಾದದ ಮೇಲುಭಾಗಕ್ಕೆ ಮೇಗಾಲು. ಇವನ್ನೇ ಹಾಕಿ, ಪಕ್ಕದಲ್ಲಿ ಪಾದದ ಚಿತ್ರವೊಂದಿರಲಿ, ನೋಯುವ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಲಿ. ‘ನಿಂತುಕೊಂಡು ತೆಗೆಸುವ ಎಕ್ಸ್‌ರೇ’ ಅನ್ನುವ ಮಾತೂ ಸೇರಲಿ. ಪಾದದ ಕಮಾನು ಎಷ್ಟು ಕುಸಿದಿದೆ, ಹೆಬ್ಬೆರಳು ಎಷ್ಟು ವಾಲಿದೆ ಅನ್ನುವುದು ಮೈಭಾರ ಬಿದ್ದಾಗಲೇ ಸರಿಯಾಗಿ ತಿಳಿಯುವುದು.

‘ನರ’ ಇನ್ನೂ ಕಷ್ಟ. ಉಬ್ಬಿದ ರಕ್ತನಾಳವೂ ನರ, ಹಿಮ್ಮಡಿ ಮೇಲಿನ ದಪ್ಪ ಹುರಿಯೂ ನರ, ಜೋಮು ಹಿಡಿಸುವುದೂ ನರವೇ. ಮಾಂಸಖಂಡವನ್ನು ಮೂಳೆಗೆ ಕಟ್ಟುವ ಆ ಹುರಿಗೆ ಪಠ್ಯಪುಸ್ತಕದಲ್ಲಿರುವ ‘ಸ್ನಾಯುರಜ್ಜು’ ಯಾರ ಬಾಯಲ್ಲೂ ಇಲ್ಲ. ರಕ್ತನಾಳ, ಹುರಿ, ನರ ಅಂತ ಮೂರನ್ನೂ ಬೇರೆ ಮಾಡಿ. ಮೂರನೇ, ನಾಲ್ಕನೇ ಬೆರಳುಗಳ ಸಂದಿನಲ್ಲಿ ನಿಜವಾದ ನರವೇ ದಪ್ಪಗಾಗಿ, ಚಪ್ಪಲಿಯಲ್ಲಿ ಹರಳು ಸಿಕ್ಕಿದ ಹಾಗೆ ಒತ್ತುವ ತೊಂದರೆಯೊಂದಿದೆ, ಮಾರ್ಟನ್ ನ್ಯೂರೋಮಾ ಅಂತ. ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ, ಅಲ್ಟ್ರಾಸೌಂಡ್ ಇಲ್ಲವೇ ಎಂಆರ್‌ಐ ಬೇಕು. ಬರೀ ‘ಸ್ಕ್ಯಾನಿಂಗ್’ ಅಂತ ಬರೆಯಬೇಡಿ, ಅಲ್ಟ್ರಾಸೌಂಡ್, ಸಿಟಿ, ಎಂಆರ್‌ಐ ಮೂರಕ್ಕೂ ಜನ ಅದೇ ಹೆಸರು ಹೇಳುತ್ತಾರೆ.

ಗೆಡ್ಡೆ ಅಂದಕೂಡಲೇ ಒಳಗೆ ಬೇರುಬಿಟ್ಟು ಬೆಳೆಯುವ ಚಿತ್ರ ಕಣ್ಣಮುಂದೆ ಬರುತ್ತದೆ. ಕಾರಣ ಗೊತ್ತಾಗುವವರೆಗೂ ‘ಗಂಟು’ ಅನ್ನಿ. ಮೇಗಾಲಿನ ಮೇಲೆ ಏಳುವ ಗ್ಯಾಂಗ್ಲಿಯನ್‌ಗೆ ‘ನೀರುಗಂಟು’ ಅನ್ನುವುದುಂಟು. ‘ಲೋಳೆಗಂಟು’ ಹೆಚ್ಚು ಸರಿ. ಅಲ್ಟ್ರಾಸೌಂಡ್‌ನಲ್ಲಿ ಅದು ನೀರಿನಂತೆ ಕಪ್ಪಗೆ ಕಂಡರೂ ಒಳಗಿರುವುದು ಗಟ್ಟಿ ಲೋಳೆ, ಸಣ್ಣ ಸೂಜಿಗೆ ಬರುವುದಿಲ್ಲ. ದೊಡ್ಡದಾಗುತ್ತಲೇ ಇರುವ, ಆಳದಲ್ಲಿರುವ ಗಟ್ಟಿ ಗಂಟಿಗೆ ಕತ್ತರಿ ಹಾಕುವ ಮೊದಲು ಎಂಆರ್‌ಐ ಆಗಲೇಬೇಕು. ಇದನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ. ಆಣಿಗೆ ಸಾಮಾನ್ಯವಾಗಿ ಯಾವ ಸ್ಕ್ಯಾನೂ ಬೇಡ.

ಹೊಲದಲ್ಲಿ ಓಡಾಡುವವರಿಗಾಗಿ ‘ಮುಳ್ಳುಗಂಟು’ ಅಂತ ಒಂದು ಸಾಲು ಬೇಕೇಬೇಕು. ಬಳ್ಳಾರಿ ಜಾಲಿ ಮುಳ್ಳು ಅಂಗಾಲಲ್ಲಿ ಮುರಿದು ಉಳಿದರೆ ಸುತ್ತ ಗಂಟು ಕಟ್ಟುತ್ತದೆ. ಗಾಜು, ಕಬ್ಬಿಣ ಎಕ್ಸ್‌ರೇಯಲ್ಲಿ ಕಾಣುತ್ತವೆ, ಮುಳ್ಳು ಸಾಮಾನ್ಯವಾಗಿ ಕಾಣುವುದಿಲ್ಲ. ಅಲ್ಟ್ರಾಸೌಂಡ್‌ನಲ್ಲಿ ಅದೊಂದು ಬಿಳಿ ಗೀರು, ಸುತ್ತ ಕಪ್ಪು ಅಂಚು. ‘ಎಕ್ಸ್‌ರೇ ಸರಿಯಿದೆ’ ಅಂದರೆ ಮುಳ್ಳಿಲ್ಲ ಅಂತ ತಿಳಿಯಬಾರದು. ಮೂಳೆಯ ಕೂದಲೆಳೆ ಬಿರುಕೂ ಮೊದಲ 2–3 ವಾರ ಎಕ್ಸ್‌ರೇಗೆ ಸಿಗದೇ ಹೋಗಬಹುದು.

ನೀವು ಕೇಳದಿದ್ದರೂ ಇನ್ನೊಂದು: ‘ಹಿಮ್ಮಡಿ ಮೂಳೆ ಬೆಳೆದಿದೆ’. ಈ ಮಾತು ಕೇಳಿದವರು ಮೂಳೆ ಕೊಯ್ಯಬೇಕು ಅಂದುಕೊಳ್ಳುತ್ತಾರೆ. ಎಕ್ಸ್‌ರೇಯಲ್ಲಿ ಕಾಣುವ ಆ ಮೂಳೆಯ ಚೂಪು ನೋವಿಲ್ಲದ ಎಷ್ಟೋ ಜನರಲ್ಲೂ ಇರುತ್ತದೆ. ನೋವು ಸಾಮಾನ್ಯವಾಗಿ ಅಂಗಾಲಿನ ಪಟ್ಟಿಯದು, ಅಂದರೆ ಹಿಮ್ಮಡಿಯಿಂದ ಬೆರಳುಗಳತ್ತ ಚಾಚಿರುವ ಗಟ್ಟಿ ಪೊರೆಯದು. ಅಲ್ಟ್ರಾಸೌಂಡ್‌ನಲ್ಲಿ ಅದರ ದಪ್ಪ 4 ಮಿಲಿಮೀಟರ್ ಮೀರಿದ್ದರೆ ಬಾತಿದೆ ಅಂತ ಲೆಕ್ಕ. ‘ಅಂಗಾಲ ಪಟ್ಟಿ ಬಾತಿದೆ’ ಅಂತಲೇ ಬರೆಯಿರಿ. ಪಾವಗಡದಂಥ ಫ್ಲೋರೈಡ್ ನೀರಿನ ಕಡೆ ಮಾತ್ರ ಎಚ್ಚರ: ಅಲ್ಲಿ ಹುರಿಗಳು ಮೂಳೆಗೆ ಅಂಟುವ ಜಾಗದಲ್ಲಿ ನಿಜವಾಗಿಯೂ ಸುಣ್ಣ ಕಟ್ಟಬಹುದು, ಮೂಳೆಯೂ ಫಿಲಂನಲ್ಲಿ ಹೆಚ್ಚು ಬೆಳ್ಳಗಿರಬಹುದು.

‘ಮೇಗಾಲು’ ಮಧುಗಿರಿ, ಶಿರಾ ಕಡೆ ಈಗಲೂ ಬಾಯಲ್ಲಿದೆಯೇ? ಆ ಕಡೆಯವರು ಅಚ್ಚಿಗೆ ಹೋಗುವ ಮುಂಚೆ ತಿಳಿಸಿ.