ಇಟಗಿ ದೇವಾಲಯದ ಫೋಟೋವನ್ನು ಆರು ಅಡಿಗೆ ಹಿಗ್ಗಿಸಬಹುದೇ?

ಪ್ರಶ್ನೆ (ಕೊಪ್ಪಳ):
ನಮ್ಮ ಶಾಲೆಯ ಗ್ರಂಥಾಲಯದ ಗೋಡೆಗೆ ಇಟಗಿಯ ಮಹಾದೇವ ದೇವಾಲಯದ ಫೋಟೋವನ್ನು ಆರು ಅಡಿ ಅಗಲ, ನಾಲ್ಕು ಅಡಿ ಎತ್ತರದಲ್ಲಿ ಕ್ಯಾನ್ವಾಸ್ ಮೇಲೆ ಮುದ್ರಿಸಿ ಹಾಕಬೇಕೆಂದಿದ್ದೇವೆ. ತೆಗೆದದ್ದು 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ. ಅಂಗಡಿಯವರು ಮಾತ್ರ ಫೈಲ್ ತೆರೆದು ನೋಡಿ, 300 ಡಿಪಿಐ (ಇಂಚಿಗೆ 300 ಚುಕ್ಕಿ) ಇಲ್ಲದಿದ್ದರೆ ಚಿತ್ರ ಒಡೆಯುತ್ತದೆ ಎಂದರು. ಫೋಟೋಶಾಪ್‌ನಲ್ಲಿ 72 ಎಂದಿದ್ದುದನ್ನು 300 ಎಂದು ಬದಲಿಸಿದರೂ ಹಿಗ್ಗಿಸಿದಾಗ ಶಿಖರದ ಅಂಚು ಮೆಟ್ಟಿಲು ಮೆಟ್ಟಿಲಾಗಿಯೇ ಕಾಣುತ್ತಿದೆ. ತಪ್ಪು ಎಲ್ಲಿದೆ?

ಉತ್ತರ (ರಾಯಚೂರು):
ಗುರುಗಳೇ, 300 ಎಂಬುದು ಕೈಯಲ್ಲಿ ಹಿಡಿದು ನೋಡುವ ಚಿತ್ರದ ಲೆಕ್ಕ. 24 ಮೆಗಾಪಿಕ್ಸೆಲ್ ಎಂದರೆ ಸಾಮಾನ್ಯವಾಗಿ 6000 × 4000 ಪಿಕ್ಸೆಲ್. ಅದನ್ನು 72 ಇಂಚಿಗೆ ಹರಡಿದರೆ ಇಂಚಿಗೆ 83 ಪಿಕ್ಸೆಲ್ ಬರುತ್ತದೆ. ಆರು ಅಡಿ ದೂರದಲ್ಲಿ ನಿಂತವರ ಕಣ್ಣು ಇಂಚಿಗೆ ಸುಮಾರು 48ಕ್ಕಿಂತ ಹೆಚ್ಚನ್ನು ಬಿಡಿಸಿ ನೋಡಲಾರದಾದ್ದರಿಂದ ಇಷ್ಟು ಧಾರಾಳವಾಯಿತು. ಗೋಡೆಗೆ ಮೂಗು ತಾಗಿಸಿ ನೋಡುವ ಮಕ್ಕಳಿಗೆ ಸ್ವಲ್ಪ ಮಸುಕು ಕಂಡೀತು, ಅಷ್ಟೇ. ನೀವು ಬದಲಿಸಿದ ಅಂಕಿ ಬರೀ ಚೀಟಿಯಿದ್ದಂತೆ. ಅದರಿಂದ ಒಂದು ಪಿಕ್ಸೆಲ್ಲೂ ಹೊಸದಾಗಿ ಹುಟ್ಟುವುದಿಲ್ಲ. ಆದರೆ ಅಂಚು ಮೆಟ್ಟಿಲಾಗಿದೆ ಎಂದದ್ದನ್ನು ಓದಿ ನನಗೆ ಬೇರೆಯೇ ಅನುಮಾನ ಬಂದಿದೆ. ಫೈಲನ್ನು ವಾಟ್ಸಾಪ್‌ನಲ್ಲಿ ಕಳುಹಿಸಿದ್ದಿರಾ? ಅಲ್ಲಿ ಚಿತ್ರ ಕುಗ್ಗಿಬಿಡುತ್ತದೆ. ಪ್ರಾಪರ್ಟೀಸ್‌ನಲ್ಲಿ ಅಳತೆ ನೋಡಿ ತಿಳಿಸಿ.

ಪ್ರಶ್ನೆ ಕೇಳಿದವರು:
ನಿಮ್ಮ ಅನುಮಾನ ನಿಜ, 1600 × 1067 ಎಂದಿದೆ. ಮೂಲ ಫೈಲ್ ಮೆಮೊರಿ ಕಾರ್ಡಿನಲ್ಲಿ ಇನ್ನೂ ಇದೆ; ಪೆನ್‌ಡ್ರೈವ್‌ನಲ್ಲಿ ಒಯ್ದು ಕೊಡುತ್ತೇನೆ. ಪಕ್ಕದಲ್ಲಿ ಅಲ್ಲಿನ 1112ರ ಶಾಸನದ ಫೋಟೋವನ್ನೂ ಹಾಕುವ ಆಸೆಯಿದೆ. ಅದು ಮೊಬೈಲಿನಲ್ಲಿ ತೆಗೆದದ್ದು, ಅಕ್ಷರಗಳು ಮಸುಕಾಗಿವೆ. ಎಐ ಆ್ಯಪ್‌ನಲ್ಲಿ ಹಾಕಿದರೆ ಸ್ಪಷ್ಟವಾಗುತ್ತದೆ ಎಂದು ನಮ್ಮ ಅಳಿಯ ಹೇಳುತ್ತಾನೆ.

ಉತ್ತರ (ಬಳ್ಳಾರಿ, ಮುದ್ರಣದ ಕೆಲಸದವನು):
ದಯವಿಟ್ಟು ಬೇಡ, ಗುರುಗಳೇ. ಆ ಆ್ಯಪ್ ಅಕ್ಷರವನ್ನು ಓದುವುದಿಲ್ಲ, ಊಹಿಸುತ್ತದೆ. ಸವೆದ ಹಳಗನ್ನಡದ ಅಕ್ಷರ ಇನ್ನೊಂದಾಗಿ ನುಣ್ಣಗೆ ಮೂಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಗುಡಿಯನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದ ಶಾಸನವದು, ಅದರ ಮೇಲೆ ಈ ಪ್ರಯೋಗ ಸಲ್ಲದು. ಬಿಸಿಲು ಕಲ್ಲಿನ ಮೇಲೆ ಓರೆಯಾಗಿ ಬೀಳುವ ಹೊತ್ತು ನೋಡಿಕೊಂಡು ಮತ್ತೊಮ್ಮೆ ಹೋಗಿ, ನಾಲ್ಕು ಭಾಗಗಳಾಗಿ ತೆಗೆದು ಜೋಡಿಸಿ.

ದೊಡ್ಡ ಫೋಟೋದ ವಿಷಯ. ಪರದೆ ತಾನೇ ಬೆಳಗುತ್ತದೆ, ಕ್ಯಾನ್ವಾಸ್ ಬೆಳಗುವುದಿಲ್ಲ. ಆದ್ದರಿಂದ ಇಟಗಿಯ ಬಳಪದ ಕಲ್ಲಿನ ನೆರಳುಗಳು ಮುದ್ರಣದಲ್ಲಿ ಕಪ್ಪು ಮುದ್ದೆಯಾಗುತ್ತವೆ. ನೆರಳಿನ ಭಾಗವನ್ನು ಮಾತ್ರ ಒಂದಿಷ್ಟು ತಿಳಿ ಮಾಡಿ. ಶಾರ್ಪನ್ ಮಾಡುವುದು (ಅಂಚುಗಳನ್ನು ಚುರುಕುಗೊಳಿಸುವುದು) ಕಟ್ಟಕಡೆಗೆ, ಅಂತಿಮ ಅಳತೆಗೆ ತಂದ ಮೇಲೆ. ಬಣ್ಣವನ್ನು ಎಸ್‌ಆರ್‌ಜಿಬಿಯಲ್ಲೇ (ಪರದೆಯ ಬಣ್ಣದ ಲೆಕ್ಕ) ಬಿಡಿ, ಸಿಎಂವೈಕೆ (ಮುದ್ರಣದ ಶಾಯಿಯ ಲೆಕ್ಕ) ಬೇಕಿದ್ದರೆ ಅಂಗಡಿಯವರು ತಮ್ಮ ಯಂತ್ರಕ್ಕೆ ತಕ್ಕಂತೆ ಮಾಡಿಕೊಳ್ಳುತ್ತಾರೆ. ಪೂರ್ತಿ ಮುದ್ರಿಸುವ ಮೊದಲು ಕಂಬಗಳ ನಡುವಿನ ಕತ್ತಲೆ ಇರುವ ಒಂದು ಅಡಿಯ ಪಟ್ಟಿಯನ್ನಷ್ಟೇ ಮುದ್ರಿಸಿಕೊಂಡು, ಅದೇ ಗೋಡೆಗೆ ಅಂಟಿಸಿ, ಗ್ರಂಥಾಲಯದ ಬೆಳಕಿನಲ್ಲೇ ನೋಡಿ.

ಇನ್ನೊಂದು ಮಾತು: ಮರದ ಚೌಕಟ್ಟಿಗೆ ಬಿಗಿಯುವುದಾದರೆ ಸುತ್ತಲೂ ಎರಡೆರಡು ಇಂಚು ಮಡಿಕೆಗೆ ಬಿಡಬೇಕು, ಇಲ್ಲವಾದರೆ ಶಿಖರದ ತುದಿ ಹಿಂದಕ್ಕೆ ಹೋದೀತು. ನಾನೇ ಒಮ್ಮೆ ಮದುಮಗನ ಪೇಟವನ್ನು ಹೀಗೆ ಮಡಚಿ, ಕೈಯಿಂದ ದುಡ್ಡು ಹಾಕಿ ಮತ್ತೆ ಮುದ್ರಿಸಿಕೊಟ್ಟಿದ್ದೇನೆ.